ಒತ್ತು ಬೀಳುವ ಜಾಗ

ಮಗಳ ಉತ್ತರ ಬಂತು. ಒಂದೇ ಪದ, ನಾಲ್ಕೇ ಗ್ರೀಕ್ ಅಕ್ಷರ. ಲಿಫ್ಟ್ ಮೆಕ್ಯಾನಿಕ್ ಕೈಯಲ್ಲಿದ್ದ ಟೀ ಲೋಟ ಪಕ್ಕಕ್ಕಿಟ್ಟು, ಮೂಗು ಕಂಪ್ಯೂಟರಿಗೆ ತಾಗುವಷ್ಟು ಹತ್ತಿರ ಬಗ್ಗಿದ.

"ಏನಂತೆ?" ಎಂದಳು ಅಕ್ಕ, ಪ್ರಿಂಟರಿಗೆ ಕಾಗದ ತುಂಬುತ್ತ. ಟೈಪಿಂಗ್ ಅಂಗಡಿ ಅವಳದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೂಲೆಯ ಕಂಪ್ಯೂಟರು ತಮ್ಮನದು.

"ಪೋತೆ ಅಂದಿದ್ದಾಳೆ. ಅಲ್ಲ... ಪೊತೇ ಅಂತಾನೂ ಇರಬಹುದು."

"ಎರಡೂ ಒಂದೇ ತಾನೇ?"

"ಒಂದೇ ಆಗಿದ್ರೆ ನಾನ್ಯಾಕೆ ಹೀಗೆ ಒದ್ದಾಡ್ತಿದ್ದೆ? ದನಿ ಮೊದಲನೇ ಅಕ್ಷರದ ಮೇಲೆ ಒತ್ತಿದ್ರೆ 'ಯಾವಾಗ?' ಅಂತ. ಎರಡನೇದರ ಮೇಲೆ ಒತ್ತಿದ್ರೆ 'ಯಾವತ್ತೂ ಬೇಡ' ಅಂತ."

ಅವನು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ನೋಡೋಕೆ ಬರಲಾ? ಹೆಂಡತಿ ಗ್ರೀಸಿನವಳು. ಸಂಸಾರ ಮುರಿದು ಅವಳು ಮಗುವನ್ನು ಎತ್ತಿಕೊಂಡು ತವರಿಗೆ ಹೋದಾಗ ಹುಡುಗಿಗೆ ಇನ್ನೂ ತೊದಲುಮಾತು. ಅಲ್ಲಿ ಅಮ್ಮನ ಭಾಷೆ ಚಿಗುರಿತು, ಅಪ್ಪನ ಭಾಷೆ ಒಣಗಿತು. ಈಗ ಮಗಳಿಗೆ ಓದಲು ಬರೆಯಲು ಬರುತ್ತದೆಂದು ತಿಳಿದ ಮೇಲೆ ಇವನು ಗ್ರೀಕ್ ಪಾಠಕ್ಕೆ ಸೇರಿದ್ದ. ಆ ಒಂದು ಸಾಲು ಟೈಪು ಮಾಡುವುದರಲ್ಲಿ ಬೆಳಗ್ಗೆಯೆಲ್ಲ ಹೋಗಿತ್ತು. ಗ್ರೀಕಿನಲ್ಲಿ ದನಿ ಒತ್ತುವ ಸ್ವರದ ಮೇಲೆ ಸಣ್ಣದೊಂದು ಗೀರು ಹಾಕಬೇಕು. ಆ ಗುರುತಿಗೆಂದು ಇರುವ ಕೀ ಒತ್ತಿದರೆ ಏನೂ ಮೂಡುವುದಿಲ್ಲ. ಕೆಟ್ಟಿದೆಯೇನೋ ಎಂದು ಮತ್ತೊಮ್ಮೆ ಒತ್ತಿದರೆ ಎರಡು ಗೀರು ಖಾಲಿ ಜಾಗದಲ್ಲಿ ಬಂದು ಕೂರುತ್ತವೆ. ಏನೂ ಕಾಣದಿದ್ದರೂ ಗುರುತು ಇದೆ ಎಂದು ನಂಬಿ, ಆಮೇಲೆ ಸ್ವರವನ್ನು ಒತ್ತಬೇಕು. ಆಗ ಗೀರು ಅದರ ನೆತ್ತಿಯ ಮೇಲೆ ಬರುತ್ತದೆ. ಹಾಗೆ ನಂಬಿ ನಂಬಿಯೇ ಅವನು ಆ ಸಾಲು ಮುಗಿಸಿದ್ದ.

"ಅವಳು ಗುರುತು ಹಾಕಿಲ್ವಾ?"

"ಎಲ್ಲೂ ಇಲ್ಲ."

ಅಕ್ಕ ಬಟ್ಟೆ ತಂದು ಗಾಜು ಒರೆಸಿದಳು. ಧೂಳು ಹೋಯಿತು, ಗುರುತು ಬರಲಿಲ್ಲ.

ಅವನು ಗ್ರೀಕ್ ಟೀಚರಿಗೆ ಫೋನ್ ಮಾಡಿದ. "ಎಲ್ಲ ಕ್ಯಾಪಿಟಲ್ ಅಕ್ಷರದಲ್ಲಿ ಬರೆದಿದ್ದಾಳಾ?" ಎಂದು ಕೇಳಿದರು ಅವರು. ಹೌದೆಂದ. "ಹಾಗಾದ್ರೆ ಹುಡುಗಿ ತಪ್ಪು ಮಾಡಿಲ್ಲ. ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆದಾಗ ಆ ಗುರುತು ಹಾಕೋದೇ ಇಲ್ಲ. ಪ್ರಶ್ನೆ ಚಿಹ್ನೆ ಇದೆಯಾ?"

"ಇಲ್ಲ ಟೀಚರ್."

"ಮಕ್ಕಳು ಅದನ್ನೆಲ್ಲ ಎಲ್ಲಿ ಹಾಕ್ತಾರೆ ಬಿಡಿ. ಇದು ಬರೆದದ್ದನ್ನ ನೋಡಿ ಹೇಳೋದಲ್ಲ. ಅವಳ ಬಾಯಿಂದಲೇ ಕೇಳ್ಬೇಕು ನೀವು."

ಅವನು ಫೋನ್ ಕೆಳಗಿಟ್ಟ. "ನನ್ನ ಗಿರಾಕಿಗಳೂ ಹೀಗೇ ಕಣೋ," ಎಂದಳು ಅಕ್ಕ. "ಬೈಯೋದಾದ್ರೂ ಕ್ಯಾಪಿಟಲ್, ಹೊಗಳೋದಾದ್ರೂ ಕ್ಯಾಪಿಟಲ್. ಮಗಳಿಗೇ ಫೋನ್ ಮಾಡಿ ಕೇಳಿಬಿಡು."

"ಕೇಳಿದ್ರೆ ಹೇಳಿಬಿಡ್ತಾಳಲ್ಲಕ್ಕ."

"ಹೇಳ್ಲಿ."

"ಈಗ ಅರ್ಧ 'ಬಾ' ಆದ್ರೂ ನನ್ನ ಹತ್ರ ಇದೆ."

ಅಕ್ಕ ಕೈಯಲ್ಲಿದ್ದ ಕಾಗದದ ಕಟ್ಟು ಇಳಿಸಿದಳು. "ಅರ್ಧ ಮಗಳನ್ನ ಇಟ್ಕೊಂಡು ಎಷ್ಟು ದಿನ ಬಾಳ್ತೀಯಪ್ಪ?" ಎಂದು ಫೋನನ್ನು ಅವನ ಅಂಗೈಗೆ ತುರುಕಿದಳು.

ಲಿಫ್ಟಿನ ಬಾವಿಯೊಳಗೆ ನೇತಾಡುತ್ತ ತಂತಿಹಗ್ಗ ಬಿಗಿಯುವಾಗಲೂ ನಡುಗದ ಬೆರಳು ಅವನದು. ಈಗ ಕರೆಯ ಗುಂಡಿ ಒತ್ತಲು ಹೋಗಿ ಸ್ಪೀಕರನ್ನೂ ಒತ್ತಿಬಿಟ್ಟಿತು. ಆ ಕಡೆ ರಿಂಗಾಯಿತು. ಆಮೇಲೆ ಒಂದು ಮಗುವಿನ ದನಿ ಅಂಗಡಿಯ ತುಂಬ ಹರಡಿತು.

ಬಾಯಿಪಾಠ ಮಾಡಿದ್ದ ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಎಲ್ಲಿ ಹೋದವೋ. "ಪೊತೆ...?" ಎಂದ, ಯಾವ ಅಕ್ಷರಕ್ಕೂ ಒತ್ತು ಕೊಡದೆ, ತಪ್ಪು ಕಡೆ ಭಾರ ಬಿದ್ದರೆ ಒಡೆದುಹೋಗುವ ಸಾಮಾನು ಇಳಿಸುವವನಂತೆ.

"ಪೊತೇ!" ಎಂದಳು ಮಗಳು.

ಎರಡನೇ ಅಕ್ಷರ ಸುತ್ತಿಗೆಯ ಏಟಿನಂತೆ ಬಿತ್ತು. ಯಾವತ್ತೂ ಬೇಡ. ಪುಸ್ತಕ ತಿರುವದೆ, ಮನಸ್ಸಿನಲ್ಲಿ ತರ್ಜುಮೆ ಮಾಡಿಕೊಳ್ಳದೆ, ಕಿವಿಗೆ ಬಿದ್ದ ಕ್ಷಣವೇ ಅವನಿಗೆ ಅರ್ಥವಾದ ಮೊದಲ ಗ್ರೀಕ್ ಮಾತು ಅದು. ತಮ್ಮನ ಮುಖ ನೋಡಿ ಅಕ್ಕನಿಗೂ ಅರ್ಥವಾಯಿತು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಮಗಳು ಫೋನ್ ಇಡುವುದನ್ನೇ ಅವನು ಕಾಯುತ್ತಿದ್ದ. ಅವಳು ಇಡಲಿಲ್ಲ. ಆ ಮನೆಯಲ್ಲಿ ಎಲ್ಲೋ ನಲ್ಲಿಯಿಂದ ನೀರು ಬೀಳುತ್ತಿತ್ತು, ಹತ್ತಿರದಲ್ಲಿ ಒಂದು ಪುಟ್ಟ ಉಸಿರು ಕೇಳುತ್ತಿತ್ತು. ಏನಾದರೂ ಹೇಳಬೇಕಲ್ಲ. ನಾನು ಅಪ್ಪ ಎನ್ನಲು ಹೋದ. ಅಲ್ಲಿಯ ಮಕ್ಕಳು ಅಪ್ಪನನ್ನು ಕರೆಯುವ ಪದಕ್ಕೆ ಒತ್ತು ಕೊನೆಯಲ್ಲಿ. ಗಾಬರಿಯಲ್ಲಿ ಅವನು ಮೊದಲಿಗೇ ಕೊಟ್ಟುಬಿಟ್ಟ.

"ಬಾಬಸ್," ಎಂದ.

ಆ ಕಡೆಯಿಂದ ತಪ್ಪು ಕೇಳಿಸಿಕೊಂಡು ಸುಮ್ಮನಿರಲಾರದ ಶಾಲೆಯ ಹುಡುಗಿಯ ದನಿ: "ಬಬಾಸ್."

"ಬಾಬಸ್."

"ಓಹಿ! ಬಬಾಸ್!" ಅಲ್ಲ ಎನ್ನುವ ಆ ಸಿಟ್ಟಿನ ತುದಿಯಲ್ಲಿ ಸಣ್ಣದೊಂದು ನಗು ಇಣುಕಿತು.

"ಬಾಬಸ್."

"ಬ... ಬಾಸ್! ಬಬಾಸ್! ಬಬಾಸ್!"

ಅಕ್ಕನಿಗೆ ತಡೆಯಲಾಗಲಿಲ್ಲ. ಹತ್ತಿರ ಬಂದು ತೋಳು ಚಿವುಟಿ, "ಲೋ, ಕೇಳಿ ಕೇಳಿ ನಾನೇ ಕಲಿತುಬಿಟ್ಟೆ! ಅಷ್ಟೂ ಬರಲ್ವೇನೋ ನಿಂಗೆ? ಸರಿಯಾಗಿ ಹೇಳೋ," ಎಂದು ಪಿಸುಗುಟ್ಟಿದಳು.

ಅವನು ಫೋನಿಗೆ ಅಂಗೈ ಅಡ್ಡ ಹಿಡಿದ. ಕಣ್ಣು ತುಂಬಿ ಗಲ್ಲದ ಮೇಲೆ ಹರಿಯುತ್ತಿತ್ತು.

"ಸುಮ್ನಿರಕ್ಕ," ಎಂದ. "ಸರಿಯಾಗಿ ಹೇಳಿಬಿಟ್ರೆ ಅವಳು ಇನ್ನೊಂದು ಸಲ ಕರೆಯಲ್ಲ."