ಇಳಿಯದ ಮುಷ್ಟಿ

ಒದ್ದೆ ಸುಣ್ಣದ ವಾಸನೆ. ಫರಹತ್ ಟೀಚರ್ ಚಿಕ್ಕವರಿದ್ದಾಗ ರಂಜಾನಿಗೆ ಮುಂಚೆ ಅವರ ಅಬ್ಬಾ ಮನೆಗೆ ಬಳಿಯುತ್ತಿದ್ದ ಸುಣ್ಣದ ಅದೇ ವಾಸನೆ, ಚಾಮರಾಜನಗರದ ಬ್ಯಾಸ್ಕೆಟ್‌ಬಾಲ್ ಅಂಕಣದ ಹೊಸ ಗೆರೆಗಳಿಂದ ಬರುತ್ತಿದ್ದಾಗಲೇ ರೆಫರಿ ನಯನಾಳ ಸೀಟಿ ಕೂಗಿತು. ರೆಫರಿಗಳ ಕೆಲಸಕ್ಕೆ ಅಂಕ ಕೊಡಲು ಬಂದಿದ್ದ ಫರಹತ್ ಟೀಚರ್ ಕುರ್ಚಿಯ ತುದಿಗೆ ಸರಿದರು. ಇಂದು ಪಾಸಾದರೆ ಅವರ ಈ ಹಳೆಯ ಶಿಷ್ಯೆ ರಾಜ್ಯಮಟ್ಟದ ಪಂದ್ಯಗಳಿಗೆ ಹೋಗುತ್ತಾಳೆ.

ನಯನಾ ಗುಂಡ್ಲುಪೇಟೆಯವಳು. ಆಡುತ್ತಿದ್ದ ತಂಡಗಳಲ್ಲಿ ಒಂದು ಗುಂಡ್ಲುಪೇಟೆ ಕಾಲೇಜಿನದು, ಇನ್ನೊಂದು ಚಾಮರಾಜನಗರದ್ದು. ಪಕ್ಷಪಾತಿ ಎನ್ನಿಸಿಕೊಳ್ಳುವ ಭಯಕ್ಕೆ, ಮೊದಲರ್ಧದಲ್ಲಿ ತನ್ನೂರಿನ ಹುಡುಗಿಯರನ್ನು ಎದುರಾಳಿಗಳು ತಳ್ಳಿದಾಗಲೂ ಅವಳು ಸೀಟಿ ಊದಿರಲಿಲ್ಲ. ಈಗ ಆಟ ಮುಗಿಯುತ್ತ ಬಂದಿತ್ತು, ಎರಡೂ ತಂಡಗಳ ಅಂಕ ಸಮವಾಗಿತ್ತು. ಚೆಂಡೆಸೆಯುತ್ತಿದ್ದ ಗುಂಡ್ಲುಪೇಟೆಯ ಹುಡುಗಿಯ ಮೊಣಕೈಗೆ ಏಟು ಬಿದ್ದದ್ದೇ ನಯನಾ ಫೌಲ್ ಕೊಟ್ಟು, ಅದರ ಗುರುತಾಗಿ ಮುಷ್ಟಿ ಎತ್ತಿದ್ದಳು.

"ನಿಮ್ಮೂರೋರ್ನ ಗೆಲ್ಸಕ್ಕೇ ಬಂದಿದ್ದೀಯೇನಮ್ಮಿ?" ಎಂದು ಜನರೊಳಗಿಂದ ಒಬ್ಬ ಕೂಗಿದ. "ಬಸ್ ಚಾರ್ಜೂ ಅವ್ರೇ ಕೊಟ್ಟವ್ರೆ ಬುಡು," ಎಂದು ಇನ್ನೊಬ್ಬ ನಗಿಸಿದ. ನಯನಾಳ ಮುಷ್ಟಿ ಇಳಿಯಲಿಲ್ಲ. ಅವಳು ಟೀಚರ್ ಕಡೆಗೂ ನೋಡಲಿಲ್ಲ. ಆಗ ಏಟು ಕೊಟ್ಟ ಚಾಮರಾಜನಗರದ ಹುಡುಗಿಯೇ ಮೆಲ್ಲಗೆ ಕೈಯೆತ್ತಿ, "ನನ್ ಕೈಯೇ ಬಡೀತು ಕಣಕ್ಕ," ಎಂದಳು. ಕೂಗು ಅಡಗಿತು. ಫರಹತ್ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಅಂಕ ಒಪ್ಪಿಸಿದ ಮೇಲೆಯೇ ಅವರು ನಯನಾಳ ಬಳಿ ಬಂದರು. "ಮೊದಲರ್ಧದಲ್ಲಿ ನಿಮ್ಮೂರಿನ ಮಕ್ಕಳಿಗೆ ಅನ್ಯಾಯ ಮಾಡ್ಬುಟ್ಟೆ. ಅದಕ್ಕೆ ಅಂಕ ಕಳ್ದಿದ್ದೀನಿ."

"ಗೊತ್ತು ಟೀಚರ್."

"ಆದ್ರೂ ಪಾಸು. ಕೊನೇಲಿ ಆ ಕೈ ಇಳೀಲಿಲ್ವಲ್ಲ."

ಬೆಳಿಗ್ಗೆಯೇ ನಯನಾಳಿಗೆಂದು ತಂದು, ಅಂಕ ಒಪ್ಪಿಸುವ ತನಕ ಚೀಲದಲ್ಲೇ ಅಡಗಿಸಿಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಟೀಚರ್ ಸದ್ದಿಲ್ಲದೆ ಅವಳ ಕೈಗಿಟ್ಟರು.