ಮುಳುಗುವ ಹಡಗಿಗೆ ಕಿಟಕಿ

“ಕಿಟಕಿ ಎಲ್ಲೈತೋ ಇದಕ್ಕ?” ಎನ್ನುತ್ತ ಬೊಮ್ಮಪ್ಪ ಸಾಹೇಬರು ಮೇಜಿನ ಮೇಲಿದ್ದ ಮೂರಡಿ ಉದ್ದದ ಜಲಾಂತರ್ಗಾಮಿಯನ್ನು ಪೆನ್ಸಿಲಿನಿಂದ ತಿವಿದರು.

“ಇರಂಗಿಲ್ರಿ ಸಾಹೇಬ್ರ, ನೀರಿನ ತಳದಾಗ ಹೋಗೋ ಹಡಗು. ನೋಡಾಕ ಇದೊಂದು ಐತ್ರಿ,” ಎಂದು ಜವಾನ ಉಚ್ಚಂಗೆಪ್ಪ ಮೇಲೆ ಚಾಚಿದ್ದ ಪೆರಿಸ್ಕೋಪನ್ನು ತೋರಿಸಿದ. ಅದು ಖಾಲಿಯಾದ ಬಾಲ್‌ಪೆನ್ನಿನ ಹಿತ್ತಾಳೆ ರೀಫಿಲ್ಲು. ಎರಡು ಬೆರಳಲ್ಲಿ ಹಿಡಿದರೆ ಸುತ್ತಲೂ ತಿರುಗುತ್ತಿತ್ತು.

ಉಚ್ಚಂಗೆಪ್ಪ ಹನ್ನೊಂದು ವರ್ಷ ನೌಕಾಪಡೆಯ ಇಂಥದೇ ಹಡಗಿನಲ್ಲಿ, ಸಮುದ್ರದಡಿ, ಇಂಜಿನ್ ನಡೆಸಿದವನು. ಆ ಅನುಭವವನ್ನು ಮನಗಂಡ ಸರ್ಕಾರ, ಅವನನ್ನು ಕೂಡ್ಲಿಗಿಯ ಈ ತಾಲ್ಲೂಕು ಕಚೇರಿಯಲ್ಲಿ ಚಹಾ ತರಲು ನೇಮಿಸಿತ್ತು. ಊರಿನವರಿಗೂ ಅವನ ಮೇಲೆ ಅಷ್ಟೇ ಗೌರವ. “ಮುಳುಗೋ ಹಡಗು ಹತ್ತಿದಾಂವ ತಿರುಗಿ ಹೆಂಗ ಬಂದ್ಯಲೇ?” ಎಂದು ಹೋಟೆಲಿನಲ್ಲಿ ಕೇಳಿ ನಗುತ್ತಿದ್ದರು. ಕಣ್ಣಾರೆ ತೋರಿಸಿಯೇ ಬಿಡುತ್ತೇನೆಂದು ಹಟಕ್ಕೆ ಬಿದ್ದು, ಎರಡು ವರ್ಷ ಕೂತು, ನೂರಕ್ಕೆ ಒಂದು ಅಳತೆಯಲ್ಲಿ ಇದನ್ನು ಕಟ್ಟಿದ್ದ. ಮೈ ಎಣ್ಣೆ ಡಬ್ಬಿಯ ತಗಡು. ಮೇಲಿನ ಕಟಕಟೆಗೆ ಗುಂಡುಸೂಜಿಯ ಕಂಬ, ಸುಟ್ಟ ಪಂಪ್‌ಸೆಟ್ ಮೋಟಾರಿನ ತಂತಿ. ಮೇಲ್ಬಾಗಿಲು ಹೆಂಡತಿ ಬಸಲಿಂಗಮ್ಮನ ರವಿಕೆಯ ಒತ್ತುಗುಂಡಿ. ಒತ್ತಿದರೆ ಟಿಕ್ಕೆಂದು ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ಮೂರು ಪ್ರೊಪೆಲ್ಲರುಗಳನ್ನು ಹಳೆ ಸ್ಟೌವಿನ ಹಿತ್ತಾಳೆಯಲ್ಲಿ ಕತ್ತರಿಸಿ, ಅರದಿಂದ ಉಜ್ಜಿ ಮಾಡಿದ್ದ. ಒಂದರ ರೆಕ್ಕೆ ಕೂದಲೆಳೆಯಷ್ಟು ದಪ್ಪವಾಯಿತೆಂದು ಮೂರನ್ನೂ ಬಿಸಾಕಿ ಮತ್ತೆ ಮಾಡಿದ್ದ. ಒಳಗೆಲ್ಲ ಟೊಳ್ಳು, ತಳದಲ್ಲಿ ಒಂದೇ ತೂತು; ಉದ್ದನೆಯ ರಬ್ಬರ್ ನಳಿಗೆಯಿಂದ ಊದಿದರೆ ನೀರು ಹೊರಬಿದ್ದು ಹಡಗು ಏಳುತ್ತಿತ್ತು, ಗಾಳಿ ಬಿಟ್ಟರೆ ನೀರು ತುಂಬಿ ಮುಳುಗುತ್ತಿತ್ತು.

“ನಾಡದ್ದು ಬಳ್ಳಾರಿಯಿಂದ ದೊಡ್ಡ ಸಾಹೇಬ್ರು ವಸ್ತುಪ್ರದರ್ಶನ ನೋಡಾಕ ಬರ್ತಾರ. ಕಿಟಕಿ ಇಲ್ಲದ ಹಡಗು ತೋರಿಸಿ ನನ್ನ ಮರ್ಯಾದಿ ಕಳಿಬೇಕಂತೀಯೇನು? ಗಾಳಿ ಬೆಳಕು ಬ್ಯಾಡೇನೋ?”

“ಕಿಟಕಿ ಕೊರದ್ರ ನೀರು ನುಗ್ತೈತ್ರಿ. ಮುಳುಗಿದ್ದು ಮ್ಯಾಲಕ್ಕ ಏಳಂಗಿಲ್ರಿ.”

“ಓದಿದಾಂವ ಯಾರು, ನೀನೋ ನಾನೋ?”

ಸಾಹೇಬರು ಓದಿದ್ದು ನಿಜ; ಬಿ.ಎ., ಅದೂ ಇತಿಹಾಸದಲ್ಲಿ. ಅದಕ್ಕಿಂತ ದೊಡ್ಡ ನಿಜವೆಂದರೆ, ಉಚ್ಚಂಗೆಪ್ಪನ ನೌಕರಿ ಖಾಯಂ ಮಾಡುವ ಕಡತ ಎಂಟು ತಿಂಗಳಿಂದ ಅವರ ಮೇಜಿನ ಮೇಲೇ ಇತ್ತು. ಅವತ್ತು ಸಂಜೆ ಅವನು ಮನೆಯ ಕಟ್ಟೆಯ ಮೇಲೆ ಕೂತು ಆ ಬದಿಗೆ ಎಂಟು, ಈ ಬದಿಗೆ ಎಂಟು ಕಿಟಕಿ ಕೊರೆದ. “ಇಷ್ಟು ಚೆಂದ ಮಾಡಿ ಯಾಕ ತೂತು ಹಾಕ್ತೀರಿ?” ಎಂದು ಬಸಲಿಂಗಮ್ಮ ಕೇಳಿದಳು. “ಖಾಯಂ ಆಗಬೇಕಲ್ಲ,” ಎಂದ. ಬೇಡದ ಕಿಟಕಿಗಳಿಗೂ ಅಳತೆಪಟ್ಟಿ ಹಿಡಿದಿದ್ದ. ಕೆಟ್ಟದಾಗಿ ಕೊರೆಯುವುದು ಅವನ ಕೈಗೆ ಬರುತ್ತಿರಲಿಲ್ಲ.

ಪ್ರದರ್ಶನದ ದಿನ ಹಡಗಿನ ಮುಂದೆ ಒಂದು ಫಲಕ ನಿಂತಿತ್ತು: ‘ಶ್ರೀ ಬೊಮ್ಮಪ್ಪನವರ ಮಾರ್ಗದರ್ಶನದಲ್ಲಿ ತಯಾರಾದ ಯುದ್ಧನೌಕೆ.’ ಜೋಳದ ತೆನೆ, ಕುರಿಯ ಉಣ್ಣೆ ಎಲ್ಲ ನೋಡಿ ಬೇಸತ್ತಿದ್ದ ದೊಡ್ಡ ಸಾಹೇಬರಿಗೆ ಇಲ್ಲಿ ಉತ್ಸಾಹ ಬಂತು. “ನೀರಲ್ಲಿ ಬಿಡಿ, ನೋಡೋಣ,” ಎಂದರು.

“ಸಾರ್, ಅದು...” ಎಂದು ಉಚ್ಚಂಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಬೊಮ್ಮಪ್ಪ ಸಾಹೇಬರೇ ಹಡಗನ್ನೆತ್ತಿ ಕಚೇರಿ ಅಂಗಳದ ಸಿಮೆಂಟು ತೊಟ್ಟಿಗೆ ಬಿಟ್ಟರು. ಅದು ಗುಳುಗುಳು ಎಂದು ಒಂದು ಕಡೆ ವಾಲಿ, ಸೀದಾ ತಳಕ್ಕೆ ಹೋಗಿ ಕೂತಿತು.

“ಮುಳುಗಿತು ಸಾರ್! ಪೂರ್ತಿ ಮುಳುಗಿತು!” ಎಂದು ಬೊಮ್ಮಪ್ಪ ಸಾಹೇಬರು ಕೂಗಿದರು. ಆ ಕಚೇರಿಯಲ್ಲಿ ಹೇಳಿದ್ದು ಹೇಳಿದಂತೆ ನಡೆದ ಕೆಲಸ ಬಹುಶಃ ಅದೊಂದೇ. ಚಪ್ಪಾಳೆ ಬಿತ್ತು. ದೊಡ್ಡ ಸಾಹೇಬರು ಬೊಮ್ಮಪ್ಪನವರ ಕೈ ಕುಲುಕಿ, ಹಾರ ಹಾಕಿಸಿಕೊಂಡು ಊಟಕ್ಕೆ ನಡೆದರು. ಹಿಂದೆ ಊರಿಗೆ ಊರೇ ನಡೆಯಿತು. ಮುಳುಗಿದ್ದು ಏಳುತ್ತದೆಯೇ ಎಂದು ನೋಡಲು ಯಾರೂ ನಿಲ್ಲಲಿಲ್ಲ.

ಉಚ್ಚಂಗೆಪ್ಪ ನಳಿಗೆಗೆ ಬಾಯಿಟ್ಟು ಕಣ್ಣು ಕೆಂಪಾಗುವವರೆಗೆ ಊದಿದ. ಕಿಟಕಿಗಳಿಂದ ನಾಲ್ಕು ಗುಳ್ಳೆ ಬಂದವು, ಅಷ್ಟೆ. ಕೊನೆಗೆ ಅಂಗಿಯ ತೋಳು ಮಡಚಿ, ತಳಕ್ಕೆ ಕೈ ಹಾಕಿ ಹಡಗನ್ನೆತ್ತಿ ತೊಟ್ಟಿಯ ದಂಡೆಯ ಮೇಲಿಟ್ಟ.

ಪಿಂಚಣಿ ವಿಚಾರಿಸಲು ಬಂದು ಬೆಳಗಿನಿಂದ ಬೇವಿನ ಮರದಡಿ ಕೂತಿದ್ದ ಕುರಿಗಾರರ ಮುದುಕಿ ಭರಮಮ್ಮ ಮೆಲ್ಲಗೆ ಹತ್ತಿರ ಬಂದಳು. ಬಗ್ಗಿ ಒಳಗೆ ಇಣುಕಿದಳು.

“ಯಪ್ಪಾ, ಖರೇ ಹಡಗಿನೊಳಗ ಮಂದಿ ಇರ್ತಾರೇನು?”

“ಇರ್ತಿದ್ವಿ ಯವ್ವಾ,” ಎಂದ ಉಚ್ಚಂಗೆಪ್ಪ. “ಎಪ್ಪತ್ತೈದು ಮಂದಿ.”

ಮುದುಕಿ ದಂಡೆಯ ಬಳಿ ಕೂತಳು. ಸೆರಗಿನ ತುದಿಯನ್ನು ಕಿರುಬೆರಳಿಗೆ ಸುತ್ತಿ, ಒಂದೊಂದೇ ಕಿಟಕಿಯೊಳಗೆ ತೂರಿಸಿ, ನೀರು ಒರೆಸತೊಡಗಿದಳು.