ವೈರಿಲ್ಲದ ಗಿಟಾರು

“ಬಾಗಿಲು ಹಾಕಲಾ?” ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಹಾಕಿಯೇ ಬಿಟ್ಟಳು. ಗಾಜಿನಾಚೆಯ ಬೀದಿಯನ್ನು ಎರಡು ಸಲ ನೋಡಿದಳು. ಆಮೇಲಷ್ಟೇ ಹೆಗಲ ಚೀಲ ಇಳಿಸಿ, ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲಿಟ್ಟಳು.

ರಿಪೇರಿಯ ಮುದುಕ ಕನ್ನಡಕವನ್ನು ಹಣೆಗೇರಿಸಿದ. ಅವಳು ಹೊಸಬಳಲ್ಲ. ಗಂಡ ಹೆಂಡತಿ ಇಬ್ಬರೂ ಹೋಟೆಲುಗಳಲ್ಲಿ ಗಿಟಾರು ನುಡಿಸುವವರು. ಗಂಡ ಮೈಕಿನ ಮುಂದೆ ನಿಂತು ಹಾಡುತ್ತಿದ್ದ, ಹೆಂಡತಿ ಹಿಂದೆ ನಿಲ್ಲುತ್ತಿದ್ದಳು. ಚಪ್ಪಾಳೆ ಮಾತ್ರ ಹಿಂದೆ ನಿಂತವಳಿಗೇ ಬೀಳುತ್ತಿತ್ತು.

“ಇದರ ಕತ್ತು ತೆಳ್ಳಗಾಗಬೇಕು. ತಂತಿ ಇನ್ನೂ ಕೆಳಗೆ ಬರಬೇಕು. ಬೆರಳು ಇಟ್ಟರೆ ಸಾಕು ಅನ್ನೋ ಹಾಗೆ.”

“ಯಾಕಮ್ಮಾ? ಚೆನ್ನಾಗೇ ಇತ್ತಲ್ಲ?”

ಅವಳು ಎಡಗೈ ಚಾಚಿದಳು. ಕೊನೆಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ.

“ಕಾರಿನ ಬಾಗಿಲಿಗೆ ಸಿಕ್ಕಿಹಾಕಿಕೊಂಡಿತ್ತು.”

“ಬಾಗಿಲು ಹಾಕಿದ್ದು ಯಾರು?”

ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು. ಮುದುಕ ಮತ್ತೆ ಕೇಳಲಿಲ್ಲ. ಅವನಿಗೂ ಹೆಣ್ಣುಮಕ್ಕಳಿದ್ದರು.

“ಇನ್ನೊಂದು ಕೆಲಸ ಇದೆ,” ಎಂದಳು, ದನಿ ತಗ್ಗಿಸಿ. “ನನ್ನ ಗಿಟಾರಿಗೂ ಆಂಪಿಗೂ ಮಧ್ಯೆ ವೈರೇ ಇರಬಾರದು. ಆ ಆಂಪ್ ಕಂಡರೆ ಭಯ ಆಗುತ್ತೆ. ಕರೆಂಟ್ ಹೊಡೀತಿದೆ.”

ಗಿಟಾರಿನ ದನಿ ಹೆಚ್ಚಿಸುವ ಆ ಆಂಪು ಅವಳ ಕಾರಿನಲ್ಲೇ ಇತ್ತು. ಮುದುಕ ಏದುಸಿರು ಬಿಡುತ್ತ ಹೊತ್ತು ತಂದು ನೆಲಕ್ಕಿಳಿಸಿದ. ಪ್ಲಗ್ಗನ್ನು ಕೈಗೆತ್ತಿಕೊಂಡವನು ಹಾಗೆಯೇ ನಿಂತ. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

“ಮೂರನೇ ಪಿನ್ನು, ಅದೇ ಅರ್ಥಿಂಗಿನದು, ತಾನಾಗಿ ಮುರಿದಿಲ್ಲಮ್ಮ. ಗರಗಸದಲ್ಲಿ ಕುಯ್ದಿದ್ದಾರೆ.”

ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. “ಅಷ್ಟು ಗೊತ್ತಾಗುತ್ತಾ?”

“ಗೀರು ಕಾಣಿಸ್ತಿದೆಯಲ್ಲ! ಈ ಆಂಪ್ ಒಳಗೊಳಗೇ ಕರೆಂಟ್ ಸೋರ್ತಿದೆ, ಈ ಪಿನ್ನೊಂದೇ ಕಾಯ್ತಿರೋದು ಅಂತ ಹೋದ ವರ್ಷ ನಿಮ್ಮಿಬ್ಬರಿಗೂ ಬಡಕೊಂಡಿದ್ದೆ. ಯಜಮಾನರೆಲ್ಲಿ?”

“ಪರ ಊರಿಗೆ ಹೋಗಿ ಹತ್ತು ದಿನ ಆಯ್ತು. ಶುಕ್ರವಾರ ಬರ್ತಾರೆ.”

“ಸರಿಹೋಯ್ತು. ಮಾಡೋದು ಮಾಡಿಟ್ಟು, ಊರಲ್ಲಿರಲಿಲ್ಲ ಅನ್ನಿಸಿಕೊಳ್ಳೋಕೆ ಹೋಗಿದ್ದಾನೆ.” ಮುದುಕ ಪ್ಲಗ್ಗನ್ನು ಮೇಜಿನ ಮೇಲೆ ಕುಕ್ಕಿದ. “ಮಗಳೇ, ನಿನ್ನ ಜೀವಕ್ಕೆ ಯಾರೋ ಕಾದು ಕೂತಿದ್ದಾರೆ. ಈಗಲೇ ಪೊಲೀಸರ ಹತ್ತಿರ ಹೋಗೋಣ.”

“ಬೇಡ, ಬೇಡ! ಗೊತ್ತಾದರೆ ಉಳಿದ ಬೆರಳೂ ಉಳಿಯಲ್ಲ.”

“ಹಾಗಾದರೆ ಹೊಸ ಪ್ಲಗ್ಗಾದರೂ ಹಾಕಿಕೊಡ್ತೀನಿ.”

“ಹಾಕಿದರೆ ಸಾಕ್ಷಿ ಹೋಗಿಬಿಡುತ್ತಲ್ಲ?”

ಮುದುಕನಿಗೆ ಅದೂ ಸರಿಯೆನಿಸಿತು. ಅವನೇ ಒಂದು ಹಾಳೆ ಎಳೆದುಕೊಂಡು ಕಂಡದ್ದನ್ನೆಲ್ಲ ಬರೆದ. “ಧೈರ್ಯ ಬಂದ ದಿನ ಪೊಲೀಸರಿಗೆ ಕೊಡು.”

“ತಾರೀಕು ಹಾಕಿ,” ಎಂದಳು ಅವಳು.

ನಾಲ್ಕು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಕತ್ತಿನ ಮರವನ್ನು ಹೆರೆದು ಹೆರೆದು, ಅವಳ ಮೂರು ಬೆರಳಿಗೆ ಒಗ್ಗುವಂತೆ ತೆಳ್ಳಗೆ ಮಾಡಿದ. ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ಗುಳಿ ತೋಡಿ, ದನಿಯನ್ನು ಗಾಳಿಯಲ್ಲೇ ಕಳಿಸುವ ಸಣ್ಣ ಪೆಟ್ಟಿಗೆ ಕೂರಿಸಿದ. ಅದರ ಜೋಡಿಯನ್ನು ಆಂಪಿಗೆ ಸಿಕ್ಕಿಸಿದರೆ ಆಯಿತು.

“ನೋಡು, ಇನ್ನು ವೈರೂ ಇಲ್ಲ, ವೈರಿಯೂ ಇಲ್ಲ,” ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

“ಆಂಪ್ ಹೇಗೇ ಇದ್ದರೂ ನನಗೇನೂ ಆಗಲ್ಲ ತಾನೇ?”

“ದೂರ ನಿಂತು ನುಡಿಸು. ಕೂದಲೂ ಕೊಂಕಲ್ಲ.”

“ಅವರ ಗಿಟಾರಿಗೆ ವೈರಿದೆ.”

“ಅಯ್ಯೋ ತಾಯಿ, ಇಂಥವನ ಮೇಲೂ ಮರುಕವಾ? ಕುಯ್ದವರಿಗೆ ಗೊತ್ತಿರುತ್ತೆ, ಏನು ಮುಟ್ಟಬಾರದು ಅಂತ.”

ಶುಕ್ರವಾರ ಮಧ್ಯಾಹ್ನ ಗಂಡ ಬಂದ. ಬೂಟು ಬಿಚ್ಚುವ ಮೊದಲೇ ಅವನ ಕಣ್ಣು ಗಿಟಾರಿನ ಮೇಲೆ ಬಿತ್ತು.

“ಯಾರನ್ನ ಕೇಳಿ ಕೆರೆಸಿದೆ ಇದನ್ನ?”

ಅವಳು ಹಿಂದೆ ಸರಿದಳು. ಬೆನ್ನಿಗೆ ಗೋಡೆ ತಾಗಿತು.

“ಆಂಪ್ ಹೊಡೀತಿತ್ತು. ಅದಕ್ಕೆ…”

“ಹೊಡೀತಿತ್ತಂತೆ! ಹೊಡೆಯೋಕೆ ನಾನಿಲ್ವಾ?” ತನ್ನ ಜೋಕಿಗೆ ತಾನೇ ನಕ್ಕ. “ನೆಟ್ಟಗೆ ನುಡಿಸೋಕೆ ಬರಲ್ಲ, ನೆಪ ನೋಡು. ಇಲ್ಲಿ ನೋಡೇ.”

ಅವಳ ಪೆಟ್ಟಿಗೆಯನ್ನು ಆಂಪಿನಿಂದ ಕಿತ್ತೆಸೆದ. ತನ್ನ ಗಿಟಾರು ತಂದು ವೈರು ಸಿಕ್ಕಿಸಿದ. ಸ್ವಿಚ್ಚು ಒತ್ತಿದ. “ಬೇಡ” ಎನ್ನುವ ಮಾತು ಅವಳ ಗಂಟಲ ತನಕ ಬಂದು ನಿಂತಿತು. ಒಂದು ಕೈ ತಂತಿಯ ಮೇಲಿರುವಂತೆಯೇ ಅವನು ಇನ್ನೊಂದು ಕೈಯಿಂದ, ಅಭ್ಯಾಸಕ್ಕೆಂದು ಮನೆಯಲ್ಲೇ ನಿಲ್ಲಿಸಿದ್ದ ಲೋಹದ ಮೈಕನ್ನು ಹಿಡಿದ.

ಮಾತು ಹೊರಗೆ ಬರಲೇ ಇಲ್ಲ.

ಗಂಡನ ಸಾವಿನ ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಮುದುಕನ ಹಾಳೆಯನ್ನು ಎರಡು ಸಲ ಓದಿದರು. ಮುದುಕನನ್ನೂ ಕರೆಸಿದರು. ಅವನು ಬರೆದದ್ದನ್ನೇ ಹೇಳಿದ, ಅಳುತ್ತ ಹೇಳಿದ. ಆಸ್ಪತ್ರೆಯ ಚೀಟಿ ಬೆರಳಿನ ಕಥೆಯನ್ನು ಹೇಳಿತು. ನೆರೆಮನೆಯವರು ಉಳಿದದ್ದನ್ನು ಹೇಳಿದರು.

“ತಾನು ತೋಡಿದ ಗುಂಡಿಗೆ ತಾನೇ ಬಿದ್ದ,” ಎಂದು ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. “ಸಿಟ್ಟು ನೆತ್ತಿಗೇರಿದಾಗ ತಾನೇ ಮಾಡಿಟ್ಟದ್ದು ನೆನಪಿರುತ್ತಾ? ನೀವಿನ್ನು ಹೆದರಬೇಡಿ ತಾಯಿ. ಎಲ್ಲ ಮುಗೀತು.”

ಅವಳು ತಲೆಯಾಡಿಸಿದಳು. ಆದರೂ ಕೈ ನಡುಗುತ್ತಲೇ ಇತ್ತು. ಪಾಪ, ಹೆದರಿಕೆ ಇನ್ನೂ ಬಿಟ್ಟಿಲ್ಲ ಎಂದುಕೊಂಡ ಮುದುಕ, ಆ ಕೈಯನ್ನು ತನ್ನೆರಡು ಕೈಗಳಲ್ಲಿ ಮುಚ್ಚಿ ಹಿಡಿದ.

ಎರಡು ಬೆರಳು ಮಡಚದ ಆ ಕೈಯಲ್ಲಿ ಪ್ಲಗ್ಗನ್ನು ಒತ್ತಿ ಹಿಡಿದು ಪಿನ್ನು ಕುಯ್ಯಲು, ಅವಳಿಗೆ ಎರಡು ಮಧ್ಯಾಹ್ನ ಪೂರ್ತಿ ಹಿಡಿದಿತ್ತು.